ಹಡರ್ಸ್‌ಫೀಲ್ಡಿನ ಹಿತ್ತಲಲ್ಲಿ ಬಟಾಟೆ ತುಳಿದದ್ದು

ಆ ಜನವರಿಯಲ್ಲಿ ನಮ್ಮ ಮನೆಯಲ್ಲಿ ಇಬ್ಬರಿಗೂ ಕೂತಲ್ಲಿ ಕೂರಲು ಆಗುತ್ತಿರಲಿಲ್ಲ.

ನನ್ನ ಕಾರಣ ಸಾಧಾರಣದ್ದು. ಸಾರ್ವಜನಿಕ ಆರೋಗ್ಯದಲ್ಲಿ ಎಂ.ಎಸ್ಸಿ. ಮುಗಿದಿತ್ತು. ಓದಿನ ನಂತರದ ವೀಸಾ ಕೈಗೆ ಬಂದಿತ್ತು, ಕೆಲಸ ಬಂದಿರಲಿಲ್ಲ. ವಾರಕ್ಕೆ ಮೂರು ದಿನ ಒಂದು ಕೇರ್ ಹೋಮಿನಲ್ಲಿ ವಯಸ್ಸಾದವರಿಗೆ ಸ್ನಾನ ಮಾಡಿಸಿ, ಊಟ ಮಾಡಿಸಿ ಬರುತ್ತಿದ್ದೆ. ಉಳಿದ ದಿನಗಳಲ್ಲಿ ಅರ್ಜಿ ತುಂಬುವುದೇ ಕೆಲಸ. ಬೆಳಗ್ಗೆ ಹಲ್ಲುಜ್ಜುವ ಮೊದಲೇ ಇಮೇಲ್ ನೋಡುತ್ತಿದ್ದೆ. ಕೆಟಲ್ ಕುದಿಯುವಷ್ಟರಲ್ಲಿ ಇನ್ನೊಮ್ಮೆ ನೋಡುತ್ತಿದ್ದೆ. ಊರಿನಿಂದ ಅಮ್ಮ ಫೋನು ಮಾಡಿ "ಏನಾಯ್ತು?" ಎಂದು ಕೇಳಿದರೆ, ಉತ್ತರ ಕೊಡುತ್ತಲೇ ಅಡುಗೆಮನೆಯಿಂದ ಮುಂಬಾಗಿಲಿಗೆ, ಮುಂಬಾಗಿಲಿನಿಂದ ಅಡುಗೆಮನೆಗೆ ನಡೆಯುತ್ತಿದ್ದೆ.

ನನ್ನ ತಲೆಯ ಮೇಲೆ, ಮಹಡಿಯ ಕೋಣೆಯಲ್ಲಿ ಅಕ್ಕ ನಡೆಯುತ್ತಿದ್ದಳು.

ಅಕ್ಕ ಎಂದರೆ ನನ್ನ ಒಡಹುಟ್ಟಿದವಳಲ್ಲ. ಪೆರು ದೇಶದಿಂದ ಬಂದಿದ್ದ ಟೀಚರು, ನನಗಿಂತ ಹದಿಮೂರು ವರ್ಷ ದೊಡ್ಡವಳು. ಆಂಡಿಸ್ ಬೆಟ್ಟಗಳ ಮೇಲೆ, ಮರ ಬೆಳೆಯದಷ್ಟು ಎತ್ತರದಲ್ಲಿದ್ದ ಒಂದು ಜಿಲ್ಲೆಯ ಪ್ರಾಥಮಿಕ ಶಾಲೆಯಲ್ಲಿ ಕಲಿಸುತ್ತಿದ್ದವಳು ಸ್ಕಾಲರ್‌ಶಿಪ್ ಸಿಕ್ಕಿ ಒಂದು ವರ್ಷದ ಕೋರ್ಸಿಗೆ ಇಂಗ್ಲೆಂಡಿನ ಈ ಹಡರ್ಸ್‌ಫೀಲ್ಡಿಗೆ ಬಂದಿದ್ದಳು. ಒಂಬತ್ತು ವರ್ಷದ ಮಗಳನ್ನು ತನ್ನ ತಾಯಿಯ ಬಳಿ ಬಿಟ್ಟು ಬಂದಿದ್ದಳು. ಜಿಲ್ಲೆ ಎಂದು ಅವಳು ಹೇಳುತ್ತಿದ್ದಳೇ ಹೊರತು ಅದು ನಮ್ಮ ಒಂದು ಹೋಬಳಿಗಿಂತ ದೊಡ್ಡದಲ್ಲ: ನಡುವೆ ಒಂದು ಚೌಕ, ಚೌಕದ ಸುತ್ತ ಪಂಚಾಯಿತಿ ಕಚೇರಿ, ಚರ್ಚು, ಎರಡು ಅಂಗಡಿ, ಆಮೇಲೆ ಇಳಿಜಾರುಗಳ ತುಂಬ ಅಲ್ಲೊಂದು ಇಲ್ಲೊಂದು ಮನೆ. ಅಲ್ಲಿ ಹೆಚ್ಚಿನವರ ಮಾತು ಕೆಚುವಾ. ಸ್ಪ್ಯಾನಿಷ್ ಇದ್ದದ್ದು ಕಚೇರಿಯಲ್ಲಿ, ಪೊಲೀಸ್ ಠಾಣೆಯಲ್ಲಿ, ಅವಳ ಶಾಲೆಯ ಪುಸ್ತಕಗಳಲ್ಲಿ.

ಅವಳು ಬಂದ ಮೊದಲ ವಾರವೇ, ಅವಳನ್ನು ಹೆಸರು ಹಿಡಿದು ಕರೆಯಲು ನನ್ನ ನಾಲಿಗೆ ಏಳುತ್ತಿರಲಿಲ್ಲ. ಒಂದು ದಿನ ಬಾಯಿ ತಪ್ಪಿ "ಅಕ್ಕಾ" ಎಂದುಬಿಟ್ಟೆ. ಅವಳು ಅರ್ಥ ಕೇಳಿದಳು. ಹೇಳಿದೆ.

"ನಮ್ಮಲ್ಲಿ ಹೆಂಗಸು ತನ್ನ ಅಕ್ಕತಂಗಿಯರನ್ನ ನ್ಯಾನ್ಯ ಅಂತ ಕರೀತಾಳೆ. ಹಾಗಾದ್ರೆ ನೀನು ನನಗೆ ನ್ಯಾನ್ಯ" ಎಂದಳು. ನಮ್ಮಿಬ್ಬರ ಮಾತೆಲ್ಲ ಮುರುಕು ಇಂಗ್ಲಿಷಿನಲ್ಲೇ ನಡೆಯುತ್ತಿತ್ತು. ಆ ಎರಡು ಪದ ಮಾತ್ರ ಅದರೊಳಗೆ ಸೇರಿಕೊಂಡವು.

ಕ್ರಿಸ್ಮಸ್ ಕಳೆದು ಚಳಿ ಬಿಗಿಯಾಯಿತು. ಒಂದು ಮುಂಜಾನೆ ನಾನು ಕೆಳಗಿಳಿದು ಬಂದರೆ ಅಕ್ಕ ಹಿತ್ತಲ ಬಾಗಿಲನ್ನು ಅಗಲಕ್ಕೆ ತೆರೆದಿಟ್ಟು ನಿಂತಿದ್ದಾಳೆ. ಹಾಸುಗಲ್ಲುಗಳ ಮೇಲೆ, ಕಸದ ಡಬ್ಬಿಗಳ ಮುಚ್ಚಳದ ಮೇಲೆ ಹಿಮ ಬೆಳ್ಳಗೆ ಕೂತಿತ್ತು.

"ಅಕ್ಕಾ, ಬಾಗಿಲು ಹಾಕು. ಹೀಟಿಂಗೆಲ್ಲ ಹೊರಗೆ ಹೋಗ್ತಿದೆ."

ಅವಳು ಕದಲಲಿಲ್ಲ. "ದಂಡ ಆಗ್ತಿದೆ" ಎಂದಳು.

"ಅದೇ ಹೇಳ್ತಿದ್ದೀನಿ."

"ಹೀಟಿಂಗ್ ಅಲ್ಲ ನ್ಯಾನ್ಯ, ಈ ಹಿಮ. ನಮ್ಮೂರಲ್ಲಿ ಹೋದ ಜೂನಿನಲ್ಲಿ ಕಾದೂ ಕಾದೂ ಸಾಕಾಯ್ತು. ಒಂದು ರಾತ್ರಿ ಬೀಳೋದು, ಎರಡು ರಾತ್ರಿ ಮೋಡ. ನಮ್ಮಮ್ಮನಿಗೆ ಎರಡು ಮೂಟೆಯೂ ಆಗಲಿಲ್ಲ. ಇಲ್ಲಿ ನೋಡು, ಸುಮ್ಮನೆ ಬೀಳ್ತಾ ಇದೆ. ಜನ ಕಾರಿನ ಗಾಜು ಕೆರೀತಾ ಬೈಕೊಳ್ತಾರೆ."

ಅವಳ ಜಿಲ್ಲೆಯಲ್ಲಿ ಹಿಮ ಬೀಳುವುದನ್ನು ಕಾದು ಮಾಡುವ ಪದಾರ್ಥ ಒಂದಿದೆ, ಚುನ್ಯೋ ಎಂದು ಹೆಸರು. ಸಣ್ಣ ಬಟಾಟೆಗಳನ್ನು (ನಮ್ಮ ಕರಾವಳಿಯಲ್ಲಿ ಆಲೂಗಡ್ಡೆಗೆ ಬಟಾಟೆ ಎಂದೇ ಹೇಳುವುದು) ಹುಲ್ಲಿನ ಮೇಲೆ ಹರಡುತ್ತಾರೆ. ರಾತ್ರಿ ಅವು ಕಲ್ಲಾಗಬೇಕು, ಹಗಲಿನ ಬಿಸಿಲಿಗೆ ಮೆತ್ತಗಾಗಬೇಕು. ಮೂರು ದಿನ ಹೀಗಾದ ಮೇಲೆ ಬರಿಗಾಲಿನಲ್ಲಿ ತುಳಿದು ನೀರು ಹಿಂಡಿ, ಸಿಪ್ಪೆ ಬಿಡಿಸಿ, ಮತ್ತೆ ಒಣಗಿಸುತ್ತಾರೆ. ಕೊನೆಗೆ ಉಳಿಯುವುದು ಕಪ್ಪಗೆ, ಬೆಂಡಿನಷ್ಟು ಹಗುರವಾದ ಗಟ್ಟಿ. ವರ್ಷಗಟ್ಟಲೆ ಕೆಡುವುದಿಲ್ಲ. ಬರುವಾಗ ಅವಳು ಒಂದು ಬಟ್ಟೆಚೀಲದ ತುಂಬ ತಂದಿದ್ದಳು. ಸೂಪಿನಲ್ಲಿ ಹಾಕಿ ನನಗೂ ಕೊಟ್ಟಿದ್ದಳು. ಸೀಮೆಸುಣ್ಣ ಕಡಿದ ಹಾಗಿದೆ ಎಂದಿದ್ದೆ. ಡಿಸೆಂಬರಿನಲ್ಲಿ ಚೀಲ ಖಾಲಿಯಾಗಿತ್ತು.

"ನಮ್ಮಲ್ಲಿ ಹಲಸಿನ ಹಪ್ಪಳ ಒಣಗಿಸ್ತಾರೆ. ಬಿಸಿಲು ಸಾಕು" ಎಂದೆ.

"ಪುಣ್ಯವಂತರು. ನಮಗೆ ಎರಡೂ ಬೇಕು" ಎಂದಳು.

ಅಂದು ಮಧ್ಯಾಹ್ನ ಇಬ್ಬರೂ ಮಾರುಕಟ್ಟೆಗೆ ಹೋಗಿ ಹತ್ತು ಕಿಲೋ ಸಣ್ಣ ಬಟಾಟೆ ಹೊತ್ತು ತಂದೆವು. ನನಗೆ ಅದರಲ್ಲಿ ನಂಬಿಕೆ ಇತ್ತು ಎಂದಲ್ಲ. ಆ ದಿನ ಬೆಳಗ್ಗೆ ಎರಡು ಕಡೆಯಿಂದ ವಿಷಾದದ ಇಮೇಲ್ ಬಂದಿತ್ತು, ಮನೆಯಿಂದ ಹೊರಗೆ ಹೋಗಲು ಏನಾದರೊಂದು ನೆಪ ಬೇಕಿತ್ತು.

ಹಳೆಯ ಪರದೆಯೊಂದನ್ನು ಹಾಸಿ ಬಟಾಟೆ ಹರಡುತ್ತಿದ್ದಾಗ ಪಕ್ಕದ ಮನೆಯ ಆಂಟಿ ಗೋಡೆಯ ಮೇಲಿಂದ ತಲೆ ಹಾಕಿದರು. ಪಾಕಿಸ್ತಾನದ ಮೀರ್‌ಪುರದ ಕಡೆಯವರು, ಮದುವೆಯಾಗಿ ಬಂದವರು ಈ ಊರಲ್ಲೇ ಮುದುಕಿಯಾಗಿದ್ದರು. ನನ್ನ ಹಿಂದಿ, ಅವರ ಉರ್ದು ಹೇಗೋ ಒಂದಕ್ಕೊಂದು ದಾರಿ ಮಾಡಿಕೊಳ್ಳುತ್ತಿದ್ದವು.

"ಬೇಟಾ, ಆಲೂ ಯಾಕೆ ಹೊರಗೆ? ಹಾಳಾಗ್ತವೆ."

"ಹಾಳಾಗಲಿ ಅಂತಾನೇ ಆಂಟಿ."

ಅವರು ನನ್ನನ್ನೂ ಅಕ್ಕನನ್ನೂ ನೋಡಿ ಒಳಗೆ ಹೋದರು.

ಮರುದಿನ ಬೆಳಗ್ಗೆ ನನ್ನ ಕೋಣೆಯ ಬಾಗಿಲ ಹೊರಗೆ ಟಕ್ ಟಕ್ ಸದ್ದು. ಅಕ್ಕ ಎರಡು ಬಟಾಟೆ ಹಿಡಿದು ಒಂದಕ್ಕೊಂದು ಬಡಿಯುತ್ತಿದ್ದಳು. ಗೋಲಿಗಳ ಹಾಗೆ ಗಟ್ಟಿ. ಅವಳ ಮುಖ ಅಷ್ಟು ಅರಳಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಆದರೆ ಮಧ್ಯಾಹ್ನವಾದರೂ ಅವು ಮೆತ್ತಗಾಗಲಿಲ್ಲ. ನಮ್ಮ ಹಿತ್ತಲಿಗೆ ಚಳಿಗಾಲದಲ್ಲಿ ಬಿಸಿಲೇ ಇಲ್ಲ. ಮುಂಭಾಗದ ಮೋಟುಗೋಡೆಯ ಮೇಲೆ ಮಾತ್ರ ಹನ್ನೊಂದೂವರೆಯಿಂದ ಸುಮಾರು ಒಂದು ಗಂಟೆ ಹೊತ್ತು ತೆಳು ಬಿಸಿಲು ಬೀಳುತ್ತದೆ. ಹತ್ತು ಕಿಲೋವನ್ನೂ ಬಕೆಟ್ಟಿನಲ್ಲಿ ತುಂಬಿ ಮನೆಯೊಳಗಿಂದ ಮುಂದಕ್ಕೆ ಸಾಗಿಸಿದೆವು. ಬಿಸಿಲು ಸರಿದಂತೆ ಬಟಾಟೆಯನ್ನೂ ಸರಿಸಿದೆವು. ಅಂಚೆಯವನು ಬಟಾಟೆ ದಾಟಿಕೊಂಡು ಬಂದು ಕಾಗದ ಕೊಟ್ಟು "ಆಲ್‌ರೈಟ್, ಲವ್?" ಎಂದು ಇಲ್ಲಿನ ರೂಢಿಯಂತೆ ಕೇಳಿ ಮತ್ತೆ ದಾಟಿಕೊಂಡು ಹೋದ. ಸಂಜೆಗೆ ಮತ್ತೆ ಹಿತ್ತಲಿಗೆ. ಹೀಗೆ ಎರಡು ದಿನ. ಆ ಎರಡು ದಿನ ನಾನು ಇಮೇಲ್ ನೋಡಿದ್ದು ಕಡಿಮೆ.

ಬಟಾಟೆ ಕಾಯುತ್ತಾ ಕೂತಾಗ ಅಕ್ಕ ತನ್ನ ಊರಿನ ಮಾತಾಡುತ್ತಿದ್ದಳು. ಪ್ರತಿ ಮನೆಗೂ ಮೇಲಿನ ಬಯಲಿನಲ್ಲಿ ಹಿಮ ಬೀಳುವ ತುಂಡುಜಾಗ ಇರುತ್ತದಂತೆ, ಅದಕ್ಕೆ ಜಗಳಗಳೂ ಆಗುತ್ತವಂತೆ. ಒಂದು ಮನೆಯವರು ತುಳಿಯುವಾಗ ಇನ್ನೊಂದು ಮನೆಯವರು ಬರುತ್ತಾರೆ, ಇವರು ಅವರಲ್ಲಿಗೆ ಹೋಗುತ್ತಾರೆ. ನಮ್ಮ ಮುಯ್ಯಾಳಿನ ಹಾಗೆಯೇ. ಚಿಕ್ಕಂದಿನಲ್ಲಿ ಶಾಲೆಯಲ್ಲಿ ಕೆಚುವಾ ಆಡಿದ್ದಕ್ಕೆ ಅವಳನ್ನು ಅಂಗಳದಲ್ಲಿ ಮಂಡಿಯೂರಿ ಕೂರಿಸಿದ್ದರಂತೆ. ಅದೇ ಶಾಲೆಯಲ್ಲಿ ಟೀಚರಾಗಿ, ಮಕ್ಕಳಿಗೆ ಮೊದಲು ಕೆಚುವಾದಲ್ಲೇ ಓದು ಕಲಿಸಬೇಕು ಎಂದು ಅವಳು ಹಟ ಹಿಡಿದಿದ್ದಳು. ಸ್ಕಾಲರ್‌ಶಿಪ್ ಸಿಕ್ಕಿದ್ದೂ ಆ ಕೆಲಸಕ್ಕೇ.

"ಮತ್ತೆ ನಿನ್ನ ಮಗಳು?" ಎಂದು ಕೇಳಿದೆ.

"ಅವಳಿಗೆ ಎಲ್ಲ ಅರ್ಥ ಆಗುತ್ತೆ. ಉತ್ತರ ಕೊಡೋದು ಸ್ಪ್ಯಾನಿಷಿನಲ್ಲಿ. ನಾನು ಬಂದ ಮೇಲೆ ಜಾಸ್ತಿಯಾಗಿದೆ." ಎದ್ದು ಹೋಗಿ, ಸರಿಸಬೇಕಾಗಿರದ ಬಟಾಟೆಗಳನ್ನು ಸರಿಸಿದಳು.

ಅದೇ ದಿನ ಅವಳು ತನ್ನ ಭಾಷೆಯಲ್ಲಿ 'ನಾವು' ಎನ್ನಲು ಎರಡು ಪದ ಇವೆ ಎಂದಳು. ಎದುರಿಗಿರುವವರನ್ನು ಸೇರಿಸಿಕೊಂಡರೆ ನ್ಯೋಕಂಚಿಕ್, ಅವರನ್ನು ಬಿಟ್ಟು ಹೇಳಿದರೆ ನ್ಯೋಕೈಕು. ಇದು ಇಂಗ್ಲಿಷಿನವರ ತಲೆಗೆ ಹೋಗುವುದೇ ಇಲ್ಲ ಎಂದು ನಿಟ್ಟುಸಿರಿಟ್ಟಳು. ನಾನು ಮೋಟುಗೋಡೆಯಿಂದ ಜಿಗಿದೇ ಬಿಟ್ಟೆ. ನನ್ನ ಮನೆಮಾತು ತುಳು. ಕನ್ನಡ ನನಗೆ ಬಂದದ್ದು ಒಂದನೇ ಕ್ಲಾಸಿನಲ್ಲಿ. ತುಳುವಿನಲ್ಲಿ ನೀವೂ ಸೇರಿದರೆ 'ನಮ', ನಿಮ್ಮನ್ನು ಬಿಟ್ಟರೆ 'ಎಂಕುಲು'. ಕನ್ನಡದ ಒಂದೇ 'ನಾವು'ವಿನೊಳಗೆ ಇಬ್ಬರನ್ನೂ ತುರುಕಲು ಕಲಿಯುವಾಗ ನಾನು ಪಟ್ಟ ಗೊಂದಲವನ್ನು ಯಾರಿಗೂ ಹೇಳಿರಲಿಲ್ಲ, ಹೇಳುವಂಥದ್ದು ಎಂದೂ ಅನಿಸಿರಲಿಲ್ಲ. ಅಕ್ಕನಿಗೆ ಹೇಳಿದೆ. ಅವಳು 'ನಮ', 'ಎಂಕುಲು' ಎಂದು ನಾಲ್ಕು ಸಲ ಹೇಳಿ ನೋಡಿಕೊಂಡಳು.

ಮೂರನೆಯ ದಿನ ಮಧ್ಯಾಹ್ನ ತುಳಿಯುವುದೆಂದು ಆಯಿತು. ಒಂದು ಗಂಟೆಗೆ ಅಕ್ಕ ತಾಯಿಗೆ ವಿಡಿಯೋ ಕಾಲ್ ಹಚ್ಚಿದಳು. ಅಲ್ಲಿ ಆಗ ಬೆಳಗಿನ ಎಂಟು. ಅಲ್ಲಿಯದು ಮಳೆಗಾಲ. ನೆಟ್‌ವರ್ಕ್ ಸಿಗುವ ದಿಬ್ಬಕ್ಕೆ ಹತ್ತಿ ಬಂದಿದ್ದ ಅಜ್ಜಿ ತಲೆಯ ಮೇಲೆ ಪ್ಲಾಸ್ಟಿಕ್ ಹಾಳೆ ಹೊದ್ದು ಫೋನನ್ನು ಮುಖಕ್ಕೆ ಅಂಟಿಸಿಕೊಂಡಂತೆ ಹಿಡಿದಿದ್ದಳು. ಕಿಟಕಿಯ ದಂಡೆಯ ಮೇಲೆ ಫೋನು ನಿಲ್ಲಿಸಿ ಅಕ್ಕ ಸಾಕ್ಸ್ ಬಿಚ್ಚಿದಳು. ನಾನೂ ಬಿಚ್ಚಿದೆ.

ಮೊದಲ ಹೆಜ್ಜೆಗೆ ನನ್ನ ಜೀವ ಬಾಯಿಗೆ ಬಂತು. ಹೊರಗೆ ಮೆತ್ತಗಾದರೂ ಒಳಗೆ ಇನ್ನೂ ಕಲ್ಲಾಗಿಯೇ ಇದ್ದವು. ಚಳಿ ಅಂಗಾಲಿನಿಂದ ಮಂಡಿಯವರೆಗೆ ಸೂಜಿಯಂತೆ ಏರಿತು. ನಾಲ್ಕು ಹೆಜ್ಜೆಗೆ ಪಾದ ನನ್ನದಲ್ಲ ಅನ್ನಿಸಿತು. ಹಸಿ ಮಣ್ಣಿನ ವಾಸನೆಯ ನೀರು ಬೆರಳುಗಳ ಸಂದಿಯಿಂದ ಚಿಮ್ಮಿತು. ಫೋನಿನೊಳಗಿಂದ ಅಜ್ಜಿ ಒಂದೇ ಸಮನೆ ಕೂಗುತ್ತಿದ್ದಳು.

"ಏನಂತೆ?"

"ನಾನು ತುಳೀತಾ ಇಲ್ಲವಂತೆ, ಬಟಾಟೆಯ ತಲೆ ಸವರ್ತಾ ಇದ್ದೀನಂತೆ. ನೀನು ಪರವಾಗಿಲ್ಲವಂತೆ. ಹುಡುಗಿ ಭಾರ ಇದ್ದಾಳೆ, ಒಳ್ಳೇದು ಅಂತಾಳೆ."

ನಾನು ನಕ್ಕು ಜಾರಿದೆ. ಅಕ್ಕ ನನ್ನ ತೋಳು ಹಿಡಿದಳು. ಅಜ್ಜಿ ಮತ್ತೇನೋ ಕೂಗಿದಳು. ಅಕ್ಕನೂ ಅದನ್ನೇ ಹೇಳಿದಳು: "ಸರುಸುಂಚಿಕ್!" ತುಳಿಯೋಣ ಎಂದು. ಪದದ ಬಾಲದಲ್ಲಿದ್ದ ಆ 'ಚಿಕ್' ನನಗೆ ಕೇಳಿಸಿತು. ಅದರೊಳಗೆ ನಾನೂ ಇದ್ದೆ. ಅಕ್ಕನ ತೋಳು ಹಿಡಿದೇ ಸುತ್ತು ಸುತ್ತಾಗಿ ತುಳಿದೆ. ಕೊನೆಯಲ್ಲಿ ಮೊಮ್ಮಗಳು ಫೋನಿಗೆ ಮುಖ ತಂದು ಸ್ಪ್ಯಾನಿಷಿನಲ್ಲಿ ಏನೋ ಹೇಳಿ ನಕ್ಕಳು. ಅಕ್ಕ ಕೆಚುವಾದಲ್ಲಿ ಕೇಳಿದಳು, ಮಗಳು ಸ್ಪ್ಯಾನಿಷಿನಲ್ಲೇ ಉತ್ತರ ಕೊಟ್ಟಳು. ಅಷ್ಟರಲ್ಲಿ ನೆಟ್‌ವರ್ಕ್ ಹೋಯಿತು.

ತುಳಿದದ್ದು ಇನ್ನೂ ಹಲವು ದಿನ ಒಣಗಬೇಕಿತ್ತು. ಆ ರಾತ್ರಿಯೇ ಗಾಳಿ ತಿರುಗಿತು. ಮರುದಿನ ಎದ್ದರೆ ಚಳಿ ಸಡಿಲಿ, ಯಾರ್ಕ್‌ಷೈರಿನ ಜಿಟಿಜಿಟಿ ಮಳೆ ಶುರುವಾಗಿತ್ತು. ಬಟಾಟೆಗಳನ್ನು ಒಳಗೆ ತಂದೆವು. ರೇಡಿಯೇಟರುಗಳ ಮೇಲೆ, ಪುಸ್ತಕದ ಕಪಾಟಿನ ಮೇಲೆ, ಇಸ್ತ್ರಿ ಮಾಡುವ ಹಲಗೆಯ ಮೇಲೆ ಹರಡಿದೆವು. ಮೂರು ದಿನದಲ್ಲಿ ಮನೆ ನಾರತೊಡಗಿತು. ಕೇರ್ ಹೋಮಿನಲ್ಲಿ ಒಬ್ಬ ಅಜ್ಜ ನನ್ನ ತೋಳು ಮೂಸಿ ಮುಖ ತಿರುಗಿಸಿದ.

ಅದೇ ವಾರ ಬಾಡಿಗೆ ಏಜೆನ್ಸಿಯವಳು ಮನೆ ತಪಾಸಣೆಗೆ ಬಂದಳು. ಬರುವ ವಿಷಯ ತಿಳಿಸಿದ್ದ ಇಮೇಲನ್ನು ನಾನು ನೋಡಿರಲಿಲ್ಲ, ಅಷ್ಟೊಂದು ಇಮೇಲ್ ನೋಡುವವಳು. ಅವಳು ಮೂಗಿಗೆ ಸ್ಕಾರ್ಫ್ ಒತ್ತಿಕೊಂಡು ರೇಡಿಯೇಟರಿನ ಫೋಟೋ ತೆಗೆದಳು.

"ಇದೇನು?"

"ಆಹಾರ" ಎಂದಳು ಅಕ್ಕ.

"ಆಹಾರವಾಗಿದ್ದದ್ದು ಯಾವಾಗ?"

ಏಳು ದಿನದೊಳಗೆ ಎಲ್ಲ ತೆಗೆಯಬೇಕು, ಇಲ್ಲದಿದ್ದರೆ ಕ್ರಮ ಎಂದು ಸಂಜೆಗೆ ಪತ್ರ ಬಂತು. ವೀಸಾ, ಬಾಡಿಗೆಯ ರೆಫರೆನ್ಸು, ಮುಂದಿನ ಮನೆ, ಎಲ್ಲವೂ ಒಟ್ಟಿಗೆ ನನ್ನ ತಲೆಯಲ್ಲಿ ಸುತ್ತಿದವು. "ಎಸೆದುಬಿಡೋಣ ಅಕ್ಕಾ. ಹತ್ತು ಕಿಲೋ ಬಟಾಟೆ ಅಷ್ಟೇ ತಾನೆ? ಮುಂದಿನ ಸಲ ಚಳಿ ಬಿದ್ದಾಗ ಬೇರೆ ತರೋಣ" ಎಂದೆ.

ಅವಳು ಕೆಳದನಿಯಲ್ಲಿ ಹೇಳಿದಳು: "ನಿನಗೆ ಎಲ್ಲವೂ ಅರ್ಜಿಯ ಹಾಗೆ. ಒಂದು ಹೋದರೆ ಇನ್ನೊಂದು."

ನಾನು ಕೋಟು ಹಾಕಿಕೊಂಡು ಹೊರಟುಬಿಟ್ಟೆ. ಕಾಲುವೆಯ ದಂಡೆ ಹಿಡಿದು ಹೋದೆ. ಮಳೆಯಲ್ಲಿ ಬಾತುಕೋಳಿಗಳು ಬಿಟ್ಟರೆ ಯಾರೂ ಇರಲಿಲ್ಲ. ಅವಳಿಗೇನು, ಸೆಪ್ಟೆಂಬರಿಗೆ ಹೋಗಲು ಊರಿದೆ, ಕಾಯಂ ನೌಕರಿಯಿದೆ ಎಂದು ಬೈದುಕೊಂಡೆ. ಎರಡು ಮೈಲಿ ನಡೆದ ಮೇಲೆ ಬೈಗುಳ ಮುಗಿಯಿತು. ನಿಜ ಏನೆಂದರೆ, ಹೋದ ವರ್ಷ ನಾನು ಹಾಕಿದ್ದ ಅರ್ಜಿಗಳಲ್ಲಿ ಯಾವ ಕೆಲಸ ಸಿಕ್ಕಿದ್ದರೆ ನನಗೆ ಖುಷಿಯಾಗುತ್ತಿತ್ತು ಎಂದು ಯಾರಾದರೂ ಕೇಳಿದ್ದರೆ ನನಗೆ ಒಂದನ್ನೂ ಹೆಸರಿಸಲು ಬರುತ್ತಿರಲಿಲ್ಲ. ಅವಳಿಗೆ ಬೇಕಾದದ್ದು ಏನೆಂದು ಅವಳಿಗೆ ಗೊತ್ತಿತ್ತು, ಅದು ರೇಡಿಯೇಟರಿನ ಮೇಲೆ ಕೊಳೆಯುತ್ತಿತ್ತು. ಒದ್ದೆಯಾಗಿ ತಿರುಗಿದೆ.

ಮನೆಗೆ ಬಂದರೆ ಅಡುಗೆಮನೆಯಲ್ಲಿ ಪಕ್ಕದ ಮನೆಯ ಆಂಟಿ ಮತ್ತು ಅಕ್ಕ. ಇಬ್ಬರ ನಡುವೆ ಒಂದೇ ಒಂದು ಭಾಷೆಯೂ ಇರಲಿಲ್ಲ. ಆಂಟಿಗೆ ಇಂಗ್ಲಿಷ್ ಬಂದರೂ ಅದು ಅಕ್ಕನಿಗೆ ಅರ್ಥವಾಗದ ಯಾರ್ಕ್‌ಷೈರಿನ ಇಂಗ್ಲಿಷು. ಆಂಟಿ ಒಂದೊಂದೇ ಬಟಾಟೆ ಎತ್ತಿ ಮೂಸಿ, ಎಡಕ್ಕೊಂದು ಬಲಕ್ಕೊಂದು ಗುಡ್ಡೆ ಮಾಡುತ್ತಿದ್ದರು. ಎಡದ್ದು ಕೊಳೆತದ್ದು. ಬಲದ ಗುಡ್ಡೆ ಸಣ್ಣದು.

ನನ್ನನ್ನು ಕಂಡದ್ದೇ ಆಂಟಿ, "ಇವಳಿಗೆ ಹೇಳು ಬೇಟಾ, ಕೆಳಗೆ ಸೆಲ್ಲಾರಿನಲ್ಲಿ ನನ್ನ ದೊಡ್ಡ ಫ್ರೀಜರ್ ಅರ್ಧ ಖಾಲಿ ಇದೆ. ಬಕ್ರೀದಿನವರೆಗೂ ಹಾಗೇ ಇರುತ್ತೆ. ಚಳಿ ಬೇಕಾದ್ರೆ ಅದರಲ್ಲೂ ಇದೆಯಲ್ಲ?"

ಅಕ್ಕನಿಗೆ ಹೇಳಿದೆ. ಅವಳು "ಪೆಟ್ಟಿಗೆಯೊಳಗಿನ ಚಳಿ" ಎಂದು ಹೇಳಿ ಮುಖ ಕಿವುಚಿದಳು. ಆಮೇಲೆ ಬಲದ ಗುಡ್ಡೆಯನ್ನು ಬಕೆಟ್ಟಿಗೆ ತುಂಬಿದಳು.

ಮುಂದಿನ ಎರಡು ವಾರ ನಾವು ಮೂವರೂ ಬಕೆಟ್ ಹಿಡಿದು ಓಡಾಡಿದ್ದೇ ಓಡಾಡಿದ್ದು. ಸಂಜೆ ಫ್ರೀಜರಿಗೆ, ಬೆಳಗ್ಗೆ ನಮ್ಮ ಸ್ನಾನದ ತೊಟ್ಟಿಗೆ. ಅಲ್ಲಿ ಮತ್ತೆ ತುಳಿತ. ಸಂಧಿವಾತದ ಆಂಟಿ ತೊಟ್ಟಿಯ ಅಂಚಿನ ಮೇಲೆ ಕೂತು ಕೈಯಲ್ಲಿ ಹಿಂಡುತ್ತಿದ್ದರು. ಆಮೇಲೆ ಅವರ ಮನೆಯ ಬಾಯ್ಲರ್ ಇರುವ ಕಪಾಟಿನಲ್ಲಿ, ಮೊಮ್ಮಕ್ಕಳ ಟವೆಲುಗಳ ಪಕ್ಕದಲ್ಲಿ ಒಣಗಲು. ಅಲ್ಲಿಯದು ಬೆಚ್ಚನೆಯ ಒಣ ಗಾಳಿ. ಏಜೆನ್ಸಿಯವಳು ಮತ್ತೆ ಬಂದಾಗ ನಮ್ಮ ಮನೆ ಬ್ಲೀಚಿನ ವಾಸನೆ ಹೊಡೆಯುತ್ತಿತ್ತು. ಸಹಿ ಹಾಕಿ ಹೋದಳು. ಅಕ್ಕ ಆ ಜಗಳದ ಮಾತು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಒಂದು ದಿನ ಬಕೆಟ್ ಕೈಗೆ ಕೊಡುತ್ತಾ "ಅರ್ಜಿ ಕಳಿಸಿದೆಯಾ?" ಎಂದು ಕೇಳಿದಳು. "ಕಳಿಸಿದೆ. ಒಂದೇ" ಎಂದೆ.

ಹತ್ತು ಕಿಲೋದಲ್ಲಿ ಉಳಿದದ್ದು ಒಂದು ಬೋಗುಣಿ. ಬಣ್ಣ ಕಪ್ಪಾಗಿರದೆ ಕಂದಾಗಿತ್ತು. ಅಕ್ಕ ಅದನ್ನು ಹಿಂದಿನ ದಿನವೇ ನೆನೆಹಾಕಿ, ಈರುಳ್ಳಿ, ಮೊಟ್ಟೆ, ಚೀಸು ಹಾಕಿ ಬೇಯಿಸಿದಳು. ಆಂಟಿಯ ಅಡುಗೆಮನೆಯ ಮೇಜಿಗೆ ಮೂವರೂ ಕೂತೆವು. ಆಂಟಿ ಒಂದು ತುತ್ತು ತಿಂದು ಎದ್ದು ಹೋಗಿ ಹಸಿಮೆಣಸಿನಕಾಯಿ ತಂದುಕೊಂಡರು. ನಾನು ಅಕ್ಕನ ಮುಖ ನೋಡುತ್ತಿದ್ದೆ.

"ಹೇಗಿದೆ?"

ಅವಳು ನಿಧಾನವಾಗಿ ಅಗಿದಳು. "ನಮ್ಮಮ್ಮ ಇದನ್ನ ಹಂದಿಗೆ ಹಾಕ್ತಿದ್ದಳು" ಎಂದಳು. ಆಮೇಲೆ ತನ್ನದನ್ನು ಮುಗಿಸಿ, ನಾನು ತಟ್ಟೆಯಂಚಿಗೆ ಸರಿಸಿದ್ದನ್ನೂ ಎತ್ತಿಕೊಂಡು ತಿಂದಳು.

ಚುನ್ಯೋ ಮುಗಿದರೂ ಮಹಡಿಯ ಮೇಲಿನ ನಡಿಗೆ ನಿಲ್ಲಲಿಲ್ಲ. ಬೇಸಿಗೆಯಲ್ಲಿ ಅದು ಇನ್ನೂ ಹೆಚ್ಚಾಯಿತು. ಅವಳ ಪ್ರೊಫೆಸರು ಪಿಎಚ್‌.ಡಿ.ಗೆ ನಿಲ್ಲಲು ಹೇಳಿದ್ದರು, ಮೂರು ವರ್ಷದ ಹಣವೂ ಸಿಗುವಂತಿತ್ತು. ಮಗಳನ್ನೂ ಕರೆತರಬಹುದೇನೋ ಎಂದು ಅವಳು ಒಂದು ವಾರ ಶಾಲೆಗಳನ್ನು ನೋಡಿದಳು. ಮುಂದಿನ ವಾರ ಆ ಕಾಗದಗಳನ್ನೆಲ್ಲ ಕಟ್ಟಿಟ್ಟಳು. ಜುಲೈಯಲ್ಲಿ ಒಂದು ಬೆಳಗ್ಗೆ ಟೋಸ್ಟಿಗೆ ಬೆಣ್ಣೆ ಸವರುತ್ತಾ ಹೇಳಿದಳು:

"ಬರೆಯಬಹುದು ನ್ಯಾನ್ಯ. ನಮ್ಮ ಮಕ್ಕಳಿಗೆ ಯಾವ ಭಾಷೆಯಲ್ಲಿ ಕಲಿಸಬೇಕು ಅಂತ ಇಲ್ಲೇ ಕೂತು ಮೂರು ವರ್ಷ ಬರೆಯಬಹುದು. ಮುಗಿಸುವಷ್ಟರಲ್ಲಿ ನನ್ನ ಮಗಳೇ..." ಮಾತು ಅಲ್ಲಿಗೇ ಬಿಟ್ಟಳು. ಬೆಣ್ಣೆ ಸವರುತ್ತಲೇ ಇದ್ದಳು.

ನನಗೆ ಅದೇ ತಿಂಗಳು ಬರ್ಮಿಂಗ್‌ಹ್ಯಾಮಿನಲ್ಲಿ ಹದಿನೆಂಟು ತಿಂಗಳ ಕೆಲಸ ಸಿಕ್ಕಿತು. ಆ ಊರಿನ ಹಾರ್ಬೋರ್ನಿನಲ್ಲಿ, ಆಸ್ಪತ್ರೆಯವರೇ ತುಂಬಿರುವ ಬೀದಿಯಲ್ಲಿ ಕೋಣೆ ಹಿಡಿದೆ. ಕೆಲಸ ಸಿಕ್ಕರೆ ಮನಸ್ಸು ಒಂದು ಕಡೆ ಕೂರುತ್ತದೆ ಎಂದುಕೊಂಡಿದ್ದೆ. ಹದಿನೆಂಟರಲ್ಲಿ ಒಂಬತ್ತು ಮುಗಿದಿವೆ, ಈಗಲೂ ಫೋನಿನಲ್ಲಿ ಮಾತಾಡುವಾಗ ಕೋಣೆಯ ತುಂಬ ನಡೆಯುತ್ತೇನೆ.

ಸೆಪ್ಟೆಂಬರಿನಲ್ಲಿ, ನಾನು ಹಾರ್ಬೋರ್ನಿಗೆ ಹೊರಡುವ ಎರಡು ವಾರ ಮೊದಲು ಅಕ್ಕ ಹೊರಟಳು. ಆಂಟಿ ಬಾಗಿಲಲ್ಲೇ ಅವಳನ್ನು ತಬ್ಬಿಕೊಂಡು ಒಂದು ಡಬ್ಬಿ ಉಪ್ಪಿನಕಾಯಿ ಕೊಟ್ಟರು. ಸ್ಟೇಷನ್ನಿಗೆ ಹೋದರೆ ವಿಮಾನ ನಿಲ್ದಾಣದ ರೈಲು ರದ್ದು, ಬದಲಿ ಬಸ್ಸು ಇನ್ನೊಂದು ಬಾಗಿಲಿನ ಕಡೆ ಎಂದರು. ಎರಡು ಸೂಟ್‌ಕೇಸ್ ಎಳೆದುಕೊಂಡು ಓಡಿದೆವು. ಡ್ರೈವರು ಸಾಮಾನು ಒಳಗೆ ತಳ್ಳಿ, ಅವಳನ್ನೂ ಹತ್ತಿಸಿಕೊಂಡು ಬಾಗಿಲು ಹಾಕಿಬಿಟ್ಟ. ಒಂದು ಅಪ್ಪುಗೆಯೂ ಆಗಲಿಲ್ಲ. ಕಿಟಕಿಗೆ ಅಂಗೈ ಒತ್ತಿ ಅವಳು ಏನೋ ಕೂಗುತ್ತಿದ್ದಳು. ನಾನು ಕಿವಿಗೆ ಕೈ ಹಿಡಿದು ತೋರಿಸಿದೆ. ಮತ್ತೆ ಕೂಗಿದಳು. ಬಸ್ಸು ಹೋಯಿತು.

ಅವಳು ಕೂಗಿದ್ದು ಕೆಚುವಾದಲ್ಲಿರಬೇಕು, ಇಷ್ಟು ದಿನಕ್ಕೆ ತಕ್ಕ ಒಂದು ಮಾತಿರಬೇಕು ಎಂದುಕೊಳ್ಳುತ್ತಾ ಸ್ಟೇಷನ್ ಮುಂದಿನ ಚೌಕದಲ್ಲಿ ಮೂರು ಸುತ್ತು ಹಾಕಿದೆ. ತಡೆಯಲಾರದೆ ಮೆಸೇಜು ಹಾಕಿದೆ: "ಏನಂದೆ?"

ತಕ್ಷಣ ಉತ್ತರ ಬಂತು. "ವಾಷಿಂಗ್ ಮೆಷಿನಿನಲ್ಲಿ ಬಟ್ಟೆ ಹಾಗೇ ಇದೆ. ನಿನ್ನೆಯಿಂದ. ವಾಸನೆ ಬರೋಕೆ ಮೊದಲು ತೆಗಿ."

ಹೋಗಿ ತೆಗೆದೆ. ಎರಡು ದಿಂಬಿನ ಹೊದಿಕೆ, ಒಂದು ಟವೆಲು, ನೀಲಿ ಸ್ವೆಟರು. ಸ್ವೆಟರು ಅವಳದು. ಹಿತ್ತಲ ಹಗ್ಗಕ್ಕೆ ಹಾಕುವಾಗ ಗೋಡೆಯಾಚೆಯಿಂದ ಆಂಟಿ ಕೇಳಿದರು, "ಬಸ್ಸು ಸಿಕ್ತಾ?"

"ಸಿಕ್ತು ಆಂಟಿ" ಎಂದೆ.